ಎರಡು ಕಂಬಗಳ ನಡುವಿನ ಹೊತ್ತು

ರಸ್ತೆಯ ಬದಿಯಲ್ಲಿ ಗಡಿಯಾರ ಹಿಡಿದು ನಿಂತವನಿಗೆ ಬಹಳಷ್ಟು ಸಂಗತಿಗಳು ತಿಳಿಯುತ್ತವೆ. ಗಂಟೆಗೆ ಎಷ್ಟು ಲಾರಿ, ಎಷ್ಟು ಬಸ್ಸು, ಎಷ್ಟು ಕಾರು ಹೋದವು ಎಂದು ಅವನು ಎಣಿಸಬಹುದು. ಯಾವುದು ಜೋರಾಗಿ ಹೋಯಿತು, ಯಾವುದು ತೆವಳುತ್ತ ಹೋಯಿತು ಎಂದು ಹೇಳಬಹುದು. ಆದರೆ ಪ್ರಯಾಣಿಕ ಕೇಳುವ ಪ್ರಶ್ನೆ ಬೇರೆ: ಆ ತುದಿ ಸೇರಲು ಎಷ್ಟು ಹೊತ್ತು ಬೇಕು? ಒಂದೇ ಕಡೆ ನಿಂತವನಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ.

ಉತ್ತರ ಬೇಕಾದರೆ ಆ ತುದಿಯಲ್ಲಿ ಇನ್ನೊಬ್ಬ ನಿಲ್ಲಬೇಕು. ನಿಂತರಷ್ಟೇ ಸಾಲದು. ಇಲ್ಲಿ ಹಾದುಹೋದ ವಾಹನವೇ ಅಲ್ಲಿಗೆ ಬಂದು ಮುಟ್ಟಿತೆಂದು ಖಚಿತವಾಗಬೇಕು. ಅಂದರೆ ಹೊತ್ತನ್ನು ಅಳೆಯುವ ಮೊದಲು ವಾಹನದ ಗುರುತು ಹಿಡಿಯಬೇಕು. ರಸ್ತೆ ಪ್ರಯಾಣದ ವೇಳೆಯನ್ನು ಅಳೆಯಲು ಸುಮಾರು ತೊಂಬತ್ತು ವರ್ಷಗಳಿಂದ ನಡೆದಿರುವ ಪ್ರಯತ್ನಗಳೆಲ್ಲ ಈ ಒಂದು ಅಗತ್ಯದ ಸುತ್ತಲೇ ತಿರುಗಿವೆ. ಸಿನಿಮಾ ಕ್ಯಾಮೆರಾದಿಂದ ಹೊರಟ ಈ ಕಥೆ ಕೊನೆಗೆ ನ್ಯಾಯಾಲಯದ ಮೆಟ್ಟಿಲೇರಿತು.

ಸರಾಸರಿಯ ಮೋಸ

ಒಂದು ಸಣ್ಣ ಲೆಕ್ಕ ನೋಡೋಣ. 60 ಕಿಲೋಮೀಟರ್ ಉದ್ದದ ರಸ್ತೆಯಲ್ಲಿ ಎರಡು ಕಾರುಗಳು ಹೋಗುತ್ತಿವೆ. ಒಂದರ ವೇಗ ಗಂಟೆಗೆ 60 ಕಿಲೋಮೀಟರ್, ಇನ್ನೊಂದರದು 30. ರಸ್ತೆ ಬದಿಯಲ್ಲಿ ನಿಂತು ಎರಡೂ ವೇಗಗಳನ್ನು ಅಳೆದವನು ಸರಾಸರಿ 45 ಎನ್ನುತ್ತಾನೆ. ಆದರೆ ಮೊದಲ ಕಾರಿಗೆ ಹಿಡಿದದ್ದು ಒಂದು ಗಂಟೆ, ಎರಡನೆಯದಕ್ಕೆ ಎರಡು ಗಂಟೆ. ಸರಾಸರಿ ಒಂದೂವರೆ ಗಂಟೆ. 60 ಕಿಲೋಮೀಟರನ್ನು ಒಂದೂವರೆ ಗಂಟೆಯಿಂದ ಭಾಗಿಸಿದರೆ ಬರುವುದು 40. ರಸ್ತೆ ಬದಿಯ ಲೆಕ್ಕ ರಸ್ತೆಯನ್ನು ಇದ್ದದ್ದಕ್ಕಿಂತ ಚುರುಕಾಗಿ ತೋರಿಸಿತು.

ಈ ಎರಡು ಬಗೆಯ ಸರಾಸರಿಗಳ ನಡುವಿನ ವ್ಯತ್ಯಾಸವನ್ನು ಗಣಿತದ ಭಾಷೆಯಲ್ಲಿ ಸ್ಪಷ್ಟವಾಗಿ ಬಿಡಿಸಿಟ್ಟವನು ಇಂಗ್ಲೆಂಡಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಜಾನ್ ಗ್ಲೆನ್ ವಾರ್ಡ್ರಪ್. 1952ರ ಅವನ ಪ್ರಬಂಧ ಇಂದಿಗೂ ಸಂಚಾರ ವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು. ವೇಗಗಳು ಒಂದಕ್ಕೊಂದು ಹೆಚ್ಚು ಭಿನ್ನವಾದಷ್ಟೂ ಈ ಎರಡು ಸರಾಸರಿಗಳ ಅಂತರ ದೊಡ್ಡದಾಗುತ್ತದೆ. ಬಿಡುವಾದ ಹೆದ್ದಾರಿಯಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಸಣ್ಣದು. ನಿಂತು ನಿಂತು ಸಾಗುವ ಪೇಟೆಯ ರಸ್ತೆಯಲ್ಲಿ ಹಾಗಲ್ಲ. ಪ್ರಯಾಣದ ವೇಳೆ ತಿಳಿಯಬೇಕಾದರೆ ವೇಗ ನೋಡಿದರೆ ಸಾಲದು, ವೇಳೆಯನ್ನೇ ಅಳೆಯಬೇಕು.

ಹೇಗೆ ಅಳೆಯುವುದು? ಮೂರು ದಾರಿಗಳಿವೆ. ಸಂಶೋಧಕ ತಾನೇ ಆ ವಾಹನಗಳ ನಡುವೆ ಒಂದಾಗಿ ಸಾಗಬಹುದು. ವಾಹನದ ಮೇಲಿಟ್ಟ ಕಣ್ಣು ಕದಲಿಸದೆ ಅದನ್ನು ಉದ್ದಕ್ಕೂ ನೋಡುತ್ತಿರಬಹುದು. ಇಲ್ಲವೆ ಎರಡು ತುದಿಗಳಲ್ಲಿ ಕಾದು ನಿಂತು ಗುರುತು ಹಿಡಿಯಬಹುದು.

ಹರಿವಿನೊಳಗೆ ಇಳಿದವರು

ಮೊದಲ ದಾರಿ ಅತಿ ಸರಳ. ಕಾರಿನಲ್ಲಿ ಕುಳಿತು, ಗಡಿಯಾರ ನೋಡಿ, ಎಲ್ಲರಂತೆ ಸಾಗುವುದು. ಆದರೆ ಒಬ್ಬ ಚಾಲಕನ ಅನುಭವ ಎಲ್ಲರ ಅನುಭವ ಆಗುವುದಿಲ್ಲ. ವಾರ್ಡ್ರಪ್ ಮತ್ತು ಅವನ ಸಹೋದ್ಯೋಗಿ ಚಾರ್ಲ್ಸ್‌ವರ್ತ್ 1954ರಲ್ಲಿ ಇದಕ್ಕೊಂದು ಉಪಾಯ ಹೇಳಿದರು. ಅಳೆಯಬೇಕಾದ ಹರಿವಿಗೆ ಎದುರಾಗಿ ಒಮ್ಮೆ ಕಾರು ಓಡಿಸಿ, ಎದುರಿನಿಂದ ಬಂದ ವಾಹನಗಳನ್ನು ಎಣಿಸಬೇಕು. ಬಳಿಕ ತಿರುಗಿ ಹರಿವಿನ ಜೊತೆಗೇ ಬರುತ್ತ, ತಮ್ಮನ್ನು ಹಿಂದೆ ಹಾಕಿದವು ಎಷ್ಟು, ತಾವು ಹಿಂದೆ ಹಾಕಿದವು ಎಷ್ಟು ಎಂದು ಎಣಿಸಬೇಕು.

ಹೋಗಲು 5 ನಿಮಿಷ, ಬರಲು 5 ನಿಮಿಷ ಹಿಡಿಯಿತು ಎನ್ನಿ. ಎದುರಿನಿಂದ 100 ವಾಹನಗಳು ಬಂದವು. ಮರಳುವಾಗ ಹಿಂದೆ ಹಾಕಿದವೂ ಹಿಂದೆ ಬಿದ್ದವೂ ಸಮಸಮ. ಆಗ ಆ ರಸ್ತೆಯಲ್ಲಿ ನಿಮಿಷಕ್ಕೆ 10 ವಾಹನಗಳು ಹರಿಯುತ್ತಿವೆ, ಸರಾಸರಿ ಪ್ರಯಾಣದ ವೇಳೆ 5 ನಿಮಿಷ. ನಮ್ಮನ್ನು ಹೆಚ್ಚು ಮಂದಿ ದಾಟಿ ಹೋಗಿದ್ದರೆ ನಾವೇ ನಿಧಾನ ಎಂದರ್ಥ. ಅದಕ್ಕೆ ತಕ್ಕಂತೆ ವೇಳೆಯನ್ನು ಕಡಿಮೆ ಮಾಡಿಕೊಳ್ಳಬೇಕು. ಒಂದು ಕಾರು, ಒಂದು ಗಡಿಯಾರ, ಎಣಿಸಲು ಒಂದಿಬ್ಬರು ಇದ್ದರೆ ಸಾಕು. ಬಡ ದೇಶಗಳ ನಗರಗಳಿಗೂ ಎಟಕುವ ವಿಧಾನವಿದು. ಕೊರತೆ ಒಂದೇ: ಕಾರು ಓಡಿದ ಹೊತ್ತಿನ ಕಥೆ ಮಾತ್ರ ತಿಳಿಯುತ್ತದೆ. ಸಂಜೆ ಆರಕ್ಕೆ ಏನಾಯಿತೆಂದು ತಿಳಿಯಲು ಸಂಜೆ ಆರಕ್ಕೇ ಹೋಗಬೇಕು, ನಾಳೆ ಮತ್ತೆ ಹೋಗಬೇಕು.

ಕಣ್ಣು ಕದಲಿಸದವರು

ಎರಡನೆಯ ದಾರಿ ಇದಕ್ಕಿಂತ ಹಳೆಯದು. ಅಮೆರಿಕದ ಓಹಿಯೋ ರಾಜ್ಯದಲ್ಲಿ ಬ್ರೂಸ್ ಗ್ರೀನ್‌ಶೀಲ್ಡ್ಸ್ ಎಂಬ ಎಂಜಿನಿಯರ್ 1930ರ ದಶಕದ ಮೊದಲ ವರ್ಷಗಳಲ್ಲಿ ರಸ್ತೆಯಿಂದ ತುಸು ದೂರದಲ್ಲಿ ಸಿನಿಮಾ ಕ್ಯಾಮೆರಾ ನಿಲ್ಲಿಸಿದ. ಸಮನಾದ ಅಂತರದ ಕ್ಷಣಗಳಲ್ಲಿ ಅದು ಚಿತ್ರ ತೆಗೆಯುವಂತೆ ಮಾಡಿದ. ಒಂದೇ ಕಾರು ಒಂದರ ಹಿಂದೊಂದು ಚಿತ್ರಗಳಲ್ಲಿ ಕಾಣಿಸಿಕೊಂಡರೆ, ಅದು ಎಷ್ಟು ದೂರ ಸರಿದಿದೆ ಎಂದು ಅಳೆದು ವೇಗ ತಿಳಿಯಬಹುದು. ಅದೇ ಚಿತ್ರದಲ್ಲಿ ಮುಂದಿನ ಕಾರು ಎಷ್ಟು ದೂರದಲ್ಲಿದೆ ಎಂಬುದೂ ಕಾಣುತ್ತದೆ. 1933ರಲ್ಲಿ ಅವನು ಈ ವಿಧಾನವನ್ನು ಪ್ರಕಟಿಸಿದ. ಅದರ ಹಿಂದೆಯೇ, ವಾಹನಗಳು ಒತ್ತೊತ್ತಾದಷ್ಟೂ ವೇಗ ಒಂದೇ ಸಮನೆ ಇಳಿಯುತ್ತದೆ ಎಂಬ ಸೂತ್ರವನ್ನೂ ಕೊಟ್ಟ. ಆ ಸೂತ್ರ ಅತಿ ಸರಳವಾಯಿತೆಂದು ಮುಂದಿನವರು ತಿದ್ದಿದರು. ಆದರೆ ಸಂಚಾರ ಎಂಬುದನ್ನು ಊಹೆಯ ಮಾತು ಬಿಟ್ಟು ಅಳತೆಯ ಕಣ್ಣಿನಿಂದ ನೋಡಬಹುದೆಂದು ತೋರಿಸಿದ್ದು ಆ ಕ್ಯಾಮೆರಾ.

ಗ್ರೀನ್‌ಶೀಲ್ಡ್ಸ್‌ನ ಕ್ಯಾಮೆರಾದ ಕಣ್ಣಳತೆ ಚಿಕ್ಕದು. ಕಾರು ಚೌಕಟ್ಟಿನಿಂದ ಆಚೆ ಹೋದರೆ ಮುಗಿಯಿತು. ಅದೇ ಓಹಿಯೋದಲ್ಲಿ ಕೆಲವು ದಶಕಗಳ ಬಳಿಕ ಜೋಸೆಫ್ ಟ್ರೈಟರರ್ ಎಂಬ ಪ್ರಾಧ್ಯಾಪಕ ಹೆಲಿಕಾಪ್ಟರಿನಿಂದ ಹೆದ್ದಾರಿಯ ಚಿತ್ರಗಳನ್ನು ತೆಗೆಸಿದ. ವಾಹನಗಳ ಒಂದು ಗುಂಪನ್ನು ಮೇಲಿನಿಂದ ಹಿಂಬಾಲಿಸಿ, ಪ್ರತಿ ವಾಹನವೂ ಯಾವ ಕ್ಷಣಕ್ಕೆ ಎಲ್ಲಿತ್ತೆಂದು ಕಾಗದದ ಮೇಲೆ ಗೆರೆಗಳಾಗಿ ಎಳೆದರು. ಗೆರೆ ನೇರವಾಗಿದ್ದರೆ ಕಾರು ಸರಾಗವಾಗಿ ಸಾಗಿದೆ. ಗೆರೆ ಮಲಗಿದರೆ ಕಾರು ನಿಂತಿದೆ. ಅಪಘಾತವಿಲ್ಲದೆ, ಸಿಗ್ನಲ್ ಇಲ್ಲದೆ, ಕಣ್ಣಿಗೆ ಕಾಣುವ ಯಾವ ಕಾರಣವೂ ಇಲ್ಲದೆ ವಾಹನಗಳು ಗಂಟು ಕಟ್ಟುವುದು ಆ ಗೆರೆಗಳಲ್ಲಿ ಎದ್ದು ಕಂಡಿತು. 2008ರಲ್ಲಿ ಜಪಾನಿನ ಸುಗಿಯಾಮ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇದನ್ನೇ ಇನ್ನೂ ಸ್ಪಷ್ಟಪಡಿಸಿತು. 230 ಮೀಟರ್ ಸುತ್ತಳತೆಯ ವರ್ತುಲದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿ ವಿಡಿಯೋ ತೆಗೆದರು. ಸ್ವಲ್ಪ ಹೊತ್ತಿಗೆ ತಾನೇ ತಾನಾಗಿ ದಟ್ಟಣೆ ಹುಟ್ಟಿ ವರ್ತುಲದಲ್ಲಿ ಹಿಂದಕ್ಕೆ ಸರಿಯತೊಡಗಿತು.

ಈ ದಾರಿಯಲ್ಲಿ ದೊಡ್ಡ ಹೆಜ್ಜೆ 2005ರದು. ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ಹೆದ್ದಾರಿಯ ಪಕ್ಕದ 30 ಅಂತಸ್ತಿನ ಕಟ್ಟಡದ ಮೇಲೆ ಅಮೆರಿಕದ ಕೇಂದ್ರ ಹೆದ್ದಾರಿ ಆಡಳಿತ ಏಳು ವಿಡಿಯೋ ಕ್ಯಾಮೆರಾಗಳನ್ನು ಇರಿಸಿತು. ಏಪ್ರಿಲ್ 13ರ ಸಂಜೆ ಸುಮಾರು 500 ಮೀಟರ್ ರಸ್ತೆಯ 45 ನಿಮಿಷಗಳ ಸಂಚಾರವನ್ನು, ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ ಪ್ರತಿ ವಾಹನ ಎಲ್ಲಿತ್ತು ಎನ್ನುವಷ್ಟು ವಿವರವಾಗಿ ದಾಖಲಿಸಿ ಜಗತ್ತಿನ ಸಂಶೋಧಕರಿಗೆಲ್ಲ ಉಚಿತವಾಗಿ ಕೊಟ್ಟರು. ಆ ಮುಕ್ಕಾಲು ಗಂಟೆಯ ಮೇಲೆ ಬಂದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಆದರೆ 2017ರಲ್ಲಿ ಕಾಯ್ಫ್‌ಮನ್ ಮತ್ತು ಲೀ ಎಂಬ ಸಂಶೋಧಕರು ಮೂಲ ವಿಡಿಯೋವನ್ನೇ ಮತ್ತೆ ಕಣ್ಣಾರೆ ಪರೀಕ್ಷಿಸಿ, ಕಂಪ್ಯೂಟರ್ ಗುರುತಿಸಿದ ಜಾಗಗಳಲ್ಲಿ ಸಾಕಷ್ಟು ತಪ್ಪುಗಳಿವೆ ಎಂದು ತೋರಿಸಿಕೊಟ್ಟರು. ಕಂಪ್ಯೂಟರಿಗೂ ಕಣ್ಣು ತಪ್ಪುತ್ತದೆ. ದೊಡ್ಡ ಲಾರಿಯ ಮರೆಗೆ ಸಣ್ಣ ಕಾರು ಸರಿದರೆ, ನೆರಳು ಬಿದ್ದರೆ, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ವಾಹನ ದಾಟಿದರೆ ಅದು ಎಡವುವುದುಂಟು.

ನಮ್ಮ ರಸ್ತೆಗಳಲ್ಲಿ ಈ ಕೆಲಸ ಇನ್ನೂ ಕಷ್ಟ. ಸಾಲು ಎಂಬುದು ಇಲ್ಲಿ ಬಣ್ಣದ ಗೆರೆ ಮಾತ್ರ. ಬಸ್ಸಿನ ಪಕ್ಕ ಆಟೋ, ಆಟೋ ಪಕ್ಕ ಬೈಕು, ಬೈಕಿನ ಮುಂದೆ ಇನ್ನೊಂದು ಬೈಕು. 2014ರಲ್ಲಿ ಚೆನ್ನೈನ ಸೈದಾಪೇಟೆಯ ಸೇತುವೆಯ ಮೇಲಿನ 245 ಮೀಟರ್ ರಸ್ತೆಯನ್ನು ಚಿತ್ರೀಕರಿಸಿ, ಇಂಥ ಮಿಶ್ರ ಸಂಚಾರದ ಪ್ರತಿ ವಾಹನದ ಹಾದಿಯನ್ನೂ ಸಂಶೋಧಕರು ಬಿಡಿಸಿ ತೆಗೆದರು. ಕಂಪ್ಯೂಟರ್ ನೆರವಾಯಿತಾದರೂ ಮನುಷ್ಯನ ಕೈ ಕಣ್ಣುಗಳನ್ನು ಬಿಟ್ಟು ಕೆಲಸ ಸಾಗಲಿಲ್ಲ.

ಎಷ್ಟು ಎತ್ತರದ ಕಟ್ಟಡವೇ ಇರಲಿ, ಅಲ್ಲಿಂದ ಕಾಣುವುದು ಅರ್ಧ ಕಿಲೋಮೀಟರ್. ಊರಿನಿಂದ ಊರಿಗೆ ಹೋಗುವವನ ವೇಳೆ ಅಳೆಯಲು ಈ ದಾರಿ ಸಾಲದು. ಅದಕ್ಕೆ ಉಳಿದಿರುವುದು ಮೂರನೆಯ ದಾರಿ.

ಗುರುತು ಹಿಡಿದವರು

ವಾಹನಗಳಿಗೆ ನಂಬರ್ ಪ್ಲೇಟ್ ಬಂದದ್ದು ಪ್ರಯಾಣದ ವೇಳೆ ಅಳೆಯಲಿಕ್ಕಲ್ಲ. ಪ್ಯಾರಿಸ್ ಪೊಲೀಸರು 1893ರಲ್ಲಿ ಮೋಟಾರು ವಾಹನಗಳಿಗೆ ಮಾಲೀಕನ ಹೆಸರು, ವಿಳಾಸ, ಸಂಖ್ಯೆ ಇರುವ ಫಲಕ ಕಡ್ಡಾಯ ಮಾಡಿದರು. ಬ್ರಿಟನ್ 1903ರ ಕಾಯ್ದೆಯ ಮೂಲಕ 1904ರ ಜನವರಿ 1ರಿಂದ ನಂಬರ್ ಜಾರಿಗೆ ತಂದಿತು. ಧೂಳೆಬ್ಬಿಸಿ ಓಡಿಹೋಗುವ ಮೋಟಾರಿನ ಒಡೆಯ ಯಾರೆಂದು ತಿಳಿಯಬೇಕು, ತಪ್ಪು ಮಾಡಿದವನು ಸಿಗಬೇಕು ಎಂಬುದು ಉದ್ದೇಶ. ಅಂದರೆ ನಂಬರ್ ಪ್ಲೇಟು ಹುಟ್ಟಿನಿಂದಲೇ ಪೊಲೀಸರ ಸಾಧನ. ಎಂಜಿನಿಯರುಗಳು ಅದನ್ನು ಎರವಲು ಪಡೆದರು.

ಮೊದಲಿಗೆ ಅದು ಕೈಬರಹದ ಕೆಲಸ. ರಸ್ತೆಯ ಎರಡು ತುದಿಗಳಲ್ಲಿ ಜನರನ್ನು ನಿಲ್ಲಿಸಿ, ಹಾದುಹೋಗುವ ವಾಹನಗಳ ನಂಬರಿನ ಕೊನೆಯ ಅಂಕಿಗಳನ್ನೂ ವೇಳೆಯನ್ನೂ ಬರೆದುಕೊಳ್ಳುವುದು. ಟೇಪ್ ರೆಕಾರ್ಡರ್ ಬಂದ ಮೇಲೆ ಅದಕ್ಕೆ ಓದಿ ಹೇಳುವುದು. ಬಳಿಕ ಕಚೇರಿಯಲ್ಲಿ ಕುಳಿತು ಎರಡು ಪಟ್ಟಿಗಳನ್ನು ತಾಳೆ ನೋಡುವುದು. ಬೇರೆ ಬೇರೆ ಕಾರುಗಳ ಕೊನೆಯ ಅಂಕಿಗಳು ಒಂದೇ ಆಗಿರಬಹುದು. ದಾರಿಯಲ್ಲಿ ಕಾಫಿಗೆ ನಿಂತವನ ವೇಳೆ ದಟ್ಟಣೆಯ ಲೆಕ್ಕಕ್ಕೆ ಸೇರಬಹುದು. ಇಂಥವನ್ನು ಹೆಕ್ಕಿ ತೆಗೆದ ಮೇಲೆ ಉಳಿದದ್ದು ಸರಿಯಾದ ಅಳತೆ. ಇಷ್ಟೆಲ್ಲ ಆಗುವ ಹೊತ್ತಿಗೆ ಆ ದಿನದ ದಟ್ಟಣೆ ಯಾವಾಗಲೋ ಕರಗಿ ಹೋಗಿರುತ್ತಿತ್ತು.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ದಾರಿ ತೆರೆದವರೂ ಪೊಲೀಸರೇ. ಬ್ರಿಟನ್ನಿನ ಪೊಲೀಸ್ ವೈಜ್ಞಾನಿಕ ಅಭಿವೃದ್ಧಿ ಶಾಖೆಯಲ್ಲಿ 1976ರಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾದ ಕಲ್ಪನೆ ರೂಪುಗೊಂಡಿತು. ಎ-1 ಹೆದ್ದಾರಿಯಲ್ಲಿ ಮತ್ತು ಲಂಡನ್ ಬಳಿಯ ಡಾರ್ಟ್‌ಫರ್ಡ್ ಸುರಂಗದಲ್ಲಿ ಅದರ ಪರೀಕ್ಷೆ ನಡೆಯಿತು. ಈ ಕ್ಯಾಮೆರಾ ಗುರುತಿಸಿದ ಕದ್ದ ಕಾರಿನಿಂದಾಗಿ 1981ರಲ್ಲಿ ಮೊದಲ ಬಂಧನವಾಯಿತು.

ಕ್ಯಾಮೆರಾ ಮಾಡುವ ಕೆಲಸ ಕೇಳಲು ಸರಳ. ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ವಾಹನದ ಮೇಲೆ ಬೀರುತ್ತದೆ. ಹೊಳೆಯುವ ಲೇಪವಿರುವ ಪ್ಲೇಟು ಆ ಬೆಳಕನ್ನು ಹಿಂತಿರುಗಿಸುವುದರಿಂದ ಕತ್ತಲೆಯಲ್ಲೂ ಎದ್ದು ಕಾಣುತ್ತದೆ. ಚಿತ್ರದಲ್ಲಿ ಪ್ಲೇಟು ಎಲ್ಲಿದೆ ಎಂದು ಕಂಪ್ಯೂಟರ್ ಹುಡುಕಿ, ಅಕ್ಷರಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ಒಂದೊಂದನ್ನೂ ಓದಿ, ವೇಳೆಯೊಂದಿಗೆ ಬರೆದಿಡುತ್ತದೆ. ಮುಂದಿನ ಕಂಬದ ಕ್ಯಾಮೆರಾದಲ್ಲಿ ಅದೇ ನಂಬರ್ ಸಿಕ್ಕರೆ ಒಂದು ವೇಳೆಯಿಂದ ಇನ್ನೊಂದನ್ನು ಕಳೆದರೆ ಆಯಿತು.

ಎಲ್ಲ ಸಂಚಾರ ಕ್ಯಾಮೆರಾಗಳೂ ಇದನ್ನು ಮಾಡುವುದಿಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ಯಾನೋಸ್ ಮಿಕಾಲೋಪೌಲೋಸ್ 1980ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ ವಿಡಿಯೋ ತೆರೆಯ ಮೇಲೆ ಗೆರೆ ಎಳೆದು, ಅದನ್ನು ದಾಟುವ ವಾಹನಗಳನ್ನು ಎಣಿಸುತ್ತಿತ್ತು, ವೇಗವನ್ನೂ ಹೇಳುತ್ತಿತ್ತು. ರಸ್ತೆ ಅಗೆದು ತಂತಿ ಹೂಳುವ ಕೆಲಸವನ್ನು ಅದು ತಪ್ಪಿಸಿತು. ಆದರೆ ಬಂದ ಕಾರು ಯಾವುದೆಂದು ಅದಕ್ಕೆ ಗೊತ್ತಿಲ್ಲ. ರಸ್ತೆ ಬದಿಯಲ್ಲಿ ಗಡಿಯಾರ ಹಿಡಿದು ನಿಂತವನ ಮಿತಿಯೇ ಅದರ ಮಿತಿಯೂ.

ಅರ್ಧ ನಂಬರಿನ ಜಾಣ್ಮೆ

1990ರ ದಶಕದಲ್ಲಿ ಬ್ರಿಟನ್ನಿನ ಟ್ರಾಫಿಕ್‌ಮಾಸ್ಟರ್ ಎಂಬ ಕಂಪನಿ ರಸ್ತೆಗಳ ಬದಿಯಲ್ಲಿ ನೀಲಿ ಬಣ್ಣದ ಕಂಬಗಳನ್ನು ನಿಲ್ಲಿಸಿ, ನಂಬರ್ ಓದುವ ಕ್ಯಾಮೆರಾಗಳಿಂದ ಪ್ರಯಾಣದ ವೇಳೆ ಅಳೆದು, ಹಣ ಕೊಡುವ ಚಾಲಕರಿಗೆ ಮಾಹಿತಿ ಮಾರತೊಡಗಿತು. ನಮ್ಮನ್ನು ಯಾರೋ ಬೆನ್ನು ಹತ್ತಿದ್ದಾರೆ ಎಂಬ ಆತಂಕ ಜನರಿಗೆ ಬಾರದಿರಲೆಂದು ಕಂಪನಿ ಒಂದು ಉಪಾಯ ಮಾಡಿತು. ನಂಬರಿನ ಹಿಂದು ಮುಂದಿನ ಅಕ್ಷರಗಳನ್ನು ಬಿಟ್ಟು ನಡುವಿನ ಕೆಲವನ್ನು ಮಾತ್ರ ಬಳಸಿತು. ಹತ್ತು ನಿಮಿಷದ ಅಂತರದಲ್ಲಿ ಎರಡು ಕಂಬಗಳ ನಡುವೆ ಹೊಂದಿಸಲು ಅಷ್ಟು ಸಾಕು. ಮಾಲೀಕ ಯಾರೆಂದು ಹುಡುಕಲು ಅಷ್ಟು ಸಾಲದು.

ಈ ಚಿಕ್ಕ ಉಪಾಯದಲ್ಲಿ ದೊಡ್ಡ ಮಾತೊಂದು ಅಡಗಿದೆ. ವೇಳೆ ಅಳೆಯುವವನಿಗೆ ಬೇಕಾದದ್ದು “ಇದು ಅದೇ ಕಾರು” ಎಂಬ ತಿಳಿವಳಿಕೆ ಮಾತ್ರ. “ಇದು ಇಂಥವರ ಕಾರು” ಎಂಬುದು ಅವನಿಗೆ ಬೇಡವೇ ಬೇಡ. ಮೊದಲನೆಯದು ಕೆಲವು ನಿಮಿಷ ಉಳಿದರೆ ಕೆಲಸ ಮುಗಿಯುತ್ತದೆ. ಎರಡನೆಯದು ಉಳಿದಷ್ಟು ಕಾಲ ಯಾರದೋ ಬದುಕಿನ ದಿನಚರಿ ಇನ್ನಾರದೋ ಕೈಯಲ್ಲಿರುತ್ತದೆ.

ದಂಡ ವಿಧಿಸುವವರಿಗೆ ಮಾತ್ರ ಎರಡನೆಯದೂ ಬೇಕು. ಒಂದೇ ಕಡೆ ವೇಗ ಅಳೆಯುವ ಕ್ಯಾಮೆರಾ ಕಂಡರೆ ಚಾಲಕರು ಅಲ್ಲಿ ಬ್ರೇಕ್ ಒತ್ತಿ, ದಾಟಿದೊಡನೆ ಮತ್ತೆ ಹಾರುತ್ತಾರೆ. ಇದನ್ನು ತಪ್ಪಿಸಲು ಎರಡು ಕಂಬಗಳ ನಡುವಿನ ವೇಳೆಯಿಂದಲೇ ಸರಾಸರಿ ವೇಗ ಕಂಡುಹಿಡಿದು ದಂಡ ಹಾಕುವ ಪದ್ಧತಿ ಬಂತು. ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ 2000ದಲ್ಲಿ, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಬಳಿಯ ಎ-13 ಹೆದ್ದಾರಿಯಲ್ಲಿ 2002ರಲ್ಲಿ ಅದು ಜಾರಿಯಾಯಿತು. ಲಂಡನ್ ನಗರ 2003ರ ಫೆಬ್ರವರಿ 17ರಿಂದ ನಡು ಊರಿಗೆ ಬರುವ ವಾಹನಗಳ ಮೇಲೆ 5 ಪೌಂಡ್ ದಟ್ಟಣೆ ಶುಲ್ಕ ವಿಧಿಸಿದಾಗ, ಹಣ ಕೊಡದವರನ್ನು ಹಿಡಿದದ್ದೂ ನಂಬರ್ ಓದುವ ಕ್ಯಾಮೆರಾಗಳೇ. ಅದೇ ಬಗೆಯ ಕ್ಯಾಮೆರಾಗಳಿಂದ ಆ ನಗರ ತನ್ನ ರಸ್ತೆಗಳ ಪ್ರಯಾಣದ ವೇಳೆಯನ್ನೂ ಅಳೆಯಿತು.

ಜರ್ಮನಿಯಲ್ಲಿ ಈ ವಿಷಯ ನ್ಯಾಯಾಲಯಕ್ಕೆ ಹೋಯಿತು. 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ನಂಬರ್ ಓದಿ, ಪಟ್ಟಿಯೊಂದಿಗೆ ಹೋಲಿಸಿ, ಏನೂ ಸಿಗದೆ ಆ ಕ್ಷಣವೇ ಅಳಿಸಿ ಹಾಕಿದರೂ ಅದು ವ್ಯಕ್ತಿಯ ಹಕ್ಕಿನಲ್ಲಿ ಕೈಹಾಕಿದಂತೆಯೇ ಎಂದಿತು. ಹಾಗೆ ಮಾಡಲೇಬಾರದು ಎಂದು ಅದು ಹೇಳಲಿಲ್ಲ. ಮಾಡುವುದಾದರೆ ತಕ್ಕ ಕಾನೂನು, ತಕ್ಕ ಕಾರಣ ಬೇಕು ಎಂದಿತು. ಹ್ಯಾನೋವರ್ ಬಳಿ 2019ರ ಜನವರಿಯಲ್ಲಿ ಶುರುವಾದ ಸರಾಸರಿ ವೇಗದ ಕ್ಯಾಮೆರಾಗಳನ್ನು ಅಲ್ಲಿನ ಆಡಳಿತ ನ್ಯಾಯಾಲಯ ಮಾರ್ಚ್‌ನಲ್ಲಿ ನಿಲ್ಲಿಸಿತು. ರಾಜ್ಯ ಕಾನೂನು ತಿದ್ದಿದ ಮೇಲೆಯೇ ಆ ವರ್ಷ ಅವು ಮತ್ತೆ ಕೆಲಸ ಆರಂಭಿಸಿದವು.

ನಮ್ಮ ಕಂಬಗಳು

ನಮ್ಮಲ್ಲಿ ಯಂತ್ರಕ್ಕೆ ಮೊದಲ ಅಡ್ಡಿಯಾದದ್ದು ಪ್ಲೇಟೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅಕ್ಷರ ಹೇಗಿರಬೇಕೆಂದು ಹೇಳಿದ್ದರೂ, ಬಳ್ಳಿಯಂತೆ ಬಳುಕುವ ಅಂಕಿಗಳು, ದೇವರ ಚಿತ್ರಗಳು, ಅಭಿಮಾನದಿಂದ ಬರೆಸಿದ ಕನ್ನಡ ಅಂಕಿಗಳು ನಮ್ಮ ರಸ್ತೆಗಳಲ್ಲಿ ಬೇಕಾದಷ್ಟು ಓಡಾಡಿದವು. ಮನುಷ್ಯ ಓದಬಲ್ಲ ಇವನ್ನು ಒಂದೇ ಬಗೆಯ ಅಚ್ಚಿಗೆ ಪಳಗಿದ ಯಂತ್ರ ಓದಲಾರದು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಏಕರೂಪದ ಅತಿ ಸುರಕ್ಷಿತ ಪ್ಲೇಟ್ ಬಂತು. ಹಳೆಯ ವಾಹನಗಳಿಗೂ ಅದನ್ನು ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ವೃತ್ತಗಳಲ್ಲಿ ನಂಬರ್ ಓದುವ 250 ಕ್ಯಾಮೆರಾಗಳು ಚಾಲೂ ಆದವು. ಬೆಂಗಳೂರು-ಮೈಸೂರು ಹೆದ್ದಾರಿಗೂ ಇಂಥ ಕ್ಯಾಮೆರಾಗಳು ಬಂದವು. ಇವುಗಳ ಮುಖ್ಯ ಕೆಲಸ ನಿಯಮ ಮುರಿದವರನ್ನು ಹಿಡಿಯುವುದು. ವೇಳೆ ಅಳೆಯುವ ಶಕ್ತಿ ಅದರೊಳಗೇ ಇದೆ.

ಇಂದು ಬಹುತೇಕರು ಪ್ರಯಾಣದ ವೇಳೆ ತಿಳಿಯುವುದು ಮೊಬೈಲಿನ ನಕಾಶೆಯಿಂದ. ಅದರ ಹಿಂದಿರುವ ತತ್ವ ಬೇರೆಯೇನಲ್ಲ. ಸಾವಿರಾರು ಚಾಲಕರ ಜೇಬಿನ ಫೋನುಗಳು ತಾವೆಲ್ಲಿದ್ದೇವೆಂದು ಹೇಳುತ್ತಿರುತ್ತವೆ. ವಾರ್ಡ್ರಪ್ ಒಂದು ಕಾರು ಕಳಿಸಿದ. ಈಗ ಪ್ರತಿ ಕಾರೂ ಅಂಥದ್ದೇ. ಇಲ್ಲೂ ಗುರುತು ಹಿಡಿಯದೆ ವೇಳೆ ಸಿಗುವುದಿಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಹುಟ್ಟಿದ್ದು ಆಧಾರ್ ಕುರಿತು, ರಸ್ತೆಯ ಕ್ಯಾಮೆರಾಗಳ ಕುರಿತಲ್ಲ. ಆದರೆ ಒಬ್ಬ ವ್ಯಕ್ತಿ ಪ್ರತಿದಿನ ಎಷ್ಟು ಗಂಟೆಗೆ ಮನೆ ಬಿಡುತ್ತಾನೆ, ಯಾವ ಆಸ್ಪತ್ರೆಯ ದಾರಿ ಹಿಡಿಯುತ್ತಾನೆ, ಯಾರ ಬೀದಿಯಲ್ಲಿ ತಿರುಗುತ್ತಾನೆ ಎಂಬುದು ಖಾಸಗಿಯಲ್ಲದಿದ್ದರೆ ಇನ್ನಾವುದು ಖಾಸಗಿ?

ಕಂಬಗಳು ಬೇಡ ಎನ್ನುವಂತಿಲ್ಲ. ಆಂಬುಲೆನ್ಸ್ ಯಾವ ದಾರಿ ಹಿಡಿಯಬೇಕು, ಹೊಸ ಮೇಲ್ಸೇತುವೆಯಿಂದ ನಿಜಕ್ಕೂ ಹೊತ್ತು ಉಳಿಯಿತೇ, ಬಸ್ಸಿಗೆ ಬೇರೆ ಪಥ ಕೊಟ್ಟರೆ ಬಸ್ಸಿನವರಿಗೆ ಲಾಭವಾಯಿತೇ ಎಂಬ ಪ್ರಶ್ನೆಗಳಿಗೆ ಅಳತೆ ಇಲ್ಲದೆ ಉತ್ತರವಿಲ್ಲ. ಕೇಳಬೇಕಾದದ್ದು ಕಂಬದ ನೆನಪು ಎಷ್ಟು ದಿನದ್ದು ಎಂದು. ಗ್ರೀನ್‌ಶೀಲ್ಡ್ಸ್‌ನ ಕ್ಯಾಮೆರಾಕ್ಕೆ ತನ್ನ ಚೌಕಟ್ಟು ದಾಟಿದ ಕಾರು ಎಲ್ಲಿಗೆ ಹೋಯಿತೆಂದು ತಿಳಿಯುತ್ತಿರಲಿಲ್ಲ. ಇಂದಿನ ಕಂಬಕ್ಕೆ ತಿಳಿಯುತ್ತದೆ. ವೇಳೆ ತಿಳಿದ ಮೇಲೆ ಗುರುತನ್ನು ಮರೆಯಬೇಕೆಂದು ಅದಕ್ಕೆ ಹೇಳಿಕೊಡುವುದು ಮಾತ್ರ ಯಂತ್ರದ ಕೆಲಸವಲ್ಲ, ಕಾನೂನು ಮಾಡುವವರದು. ಮಾಡಿಸಬೇಕಾದವರು ರಸ್ತೆಯಲ್ಲಿ ಓಡಾಡುವ ನಾವು.